ಮಲ್ಲರ ಪಂಕ್ತಿಯಲ್ಲಿ ಸೋಲಿನ ಸ್ಥಾನ

ವಿಜಯದಶಮಿಯ ಬೆಳಗ್ಗೆ, ಬನ್ನಿಯ ಪೂಜೆಗಾಗಿ ರಾಜಮನೆತನದ ಮೆರವಣಿಗೆ ಹೊರಡುವುದಕ್ಕೆ ಮೊದಲು, ಮೈಸೂರು ಅರಮನೆಯ ಒಳ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ಜರುಗುತ್ತದೆ. ತಲೆಯನ್ನು ನುಣ್ಣಗೆ ಬೋಳಿಸಿ, ಹಿಂದೆ ಸಣ್ಣದೊಂದು ಜುಟ್ಟನ್ನಷ್ಟೇ ಉಳಿಸಿಕೊಂಡು, ಕಾಸೆ ಬಿಗಿದ ಜಟ್ಟಿಗಳು ಎರಡು ಜೋಡಿಯಾಗಿ ಮಟ್ಟಿಗಿಳಿದು, ಬಲಗೈಯ ಬೆರಳುಗಳಿಗೆ ತೊಡಿಸಿದ ಮೊನೆಯುಳ್ಳ ಆಯುಧದಿಂದ ಒಬ್ಬರು ಇನ್ನೊಬ್ಬರ ಶಿರಸ್ಸಿಗೆ ಗುರಿಯಿಟ್ಟು ಹೊಡೆದಾಡುತ್ತಾರೆ. ಯಾರದಾದರೊಬ್ಬರ ತಲೆಯಲ್ಲಿ ರಕ್ತ ಕಂಡಿತೋ ಇಲ್ಲವೋ, ಹಿರಿಯರು ನಡುವೆ ಬಂದು ಇಬ್ಬರನ್ನೂ ಬೇರ್ಪಡಿಸುತ್ತಾರೆ. ಈ ಜಟ್ಟಿಗಳು ಬರುವುದು ಮೈಸೂರು, ಬೆಂಗಳೂರು, ಚಾಮರಾಜನಗರ ಮತ್ತು ಚನ್ನಪಟ್ಟಣದ ಮನೆತನಗಳಿಂದ. ಬಣ್ಣದ ಗೊಂಬೆಗಳ ಊರೆಂದು ಲೋಕಕ್ಕೆಲ್ಲ ಪರಿಚಿತವಾದ ಚನ್ನಪಟ್ಟಣಕ್ಕೆ ಇಂಥ ಉಗ್ರವಿದ್ಯೆಯೊಂದರ ಪರಂಪರೆಯೂ ಉಂಟೆಂಬುದನ್ನು ಆ ಸೀಮೆಯವರಲ್ಲಿಯೇ ಅನೇಕರು ಅರಿತಿರಲಾರರು.

ಈ ಕಾಳಗದಲ್ಲಿ ಗೆದ್ದವನು ಯಾರು, ಸೋತವನು ಯಾರು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ರಕ್ತ ಸುರಿಸಿದವನು ಸೋತನೆಂದು ಲೌಕಿಕದೃಷ್ಟಿ ಹೇಳೀತು. ಆದರೆ ಆ ರಕ್ತವೇ ಮಂಗಳಸೂಚಕವೆಂದು, ದೇವಿಗೆ ಸಂದ ಬಲಿಯೆಂದು ಭಾವಿಸುವ ಆಚಾರದಲ್ಲಿ ಅವನು ಕಾಳಗವನ್ನು ಸಫಲಗೊಳಿಸಿದವನೇ ಆಗುತ್ತಾನೆ. ಇದು ಇಂದಿನ ಸಮಾಧಾನದ ಮಾತಲ್ಲ. ಮೈಸೂರಿನ ಅರಸರು ನವರಾತ್ರಿಯನ್ನು 1610ರಿಂದ ಶ್ರೀರಂಗಪಟ್ಟಣದಲ್ಲಿ ಆಚರಿಸತೊಡಗುವುದಕ್ಕೂ ಮುಂಚೆ, ವಿಜಯನಗರದ ಮಹಾನವಮಿಯಲ್ಲಿ ಇಂಥ ಮಲ್ಲರು ಕಾದಾಡುತ್ತಿದ್ದುದನ್ನು ಇಬ್ಬರು ಪೋರ್ಚುಗೀಸರು ಬರೆದಿಟ್ಟಿದ್ದಾರೆ. 1520ರ ಸುಮಾರಿನಲ್ಲಿ ಬಂದ ಡೊಮಿಂಗೊ ಪಾಯೆಸ್ ಹಲ್ಲು ಮುರಿಯುವ, ಕಣ್ಣು ಕೀಳುವ ಹೊಡೆತಗಳನ್ನೂ, ಮಾತು ನಿಂತ ಮಲ್ಲರನ್ನು ಅವರ ಗೆಳೆಯರು ಎತ್ತಿಕೊಂಡು ಹೋಗುತ್ತಿದ್ದುದನ್ನೂ ವರ್ಣಿಸುತ್ತಾನೆ. ಅವನ ಬಳಿಕ, 1535ರ ಆಸುಪಾಸಿನಲ್ಲಿ ಬರೆದ ನುನಿಜ್, ಮೊನೆಗಳಿರುವ ಬಳೆಗಳಂಥ ಆಯುಧಗಳಿಂದ ಅವರು ಹೊಡೆದಾಡುವುದನ್ನು ಹೇಳಿ, ಹೆಚ್ಚು ಗಾಯಗೊಂಡವನೇ ಮುಂದೆ ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಾನೆಂದು ಸೇರಿಸುತ್ತಾನೆ. ಹೊಡೆದವನಿಗಲ್ಲ, ಹೊಡೆಸಿಕೊಂಡವನಿಗೆ ಉಡುಗೊರೆ! ಕೃಷ್ಣದೇವರಾಯನ ಮತ್ತು ಅಚ್ಯುತರಾಯನ ಕಾಲದ ಆಸ್ಥಾನ ಮಲ್ಲವಿದ್ಯೆಯನ್ನು ಅರಿಯದ ಆಸ್ಥಾನವೇನೂ ಅಲ್ಲ. ಏಟನ್ನು ತಾಳುವುದೂ ವಿದ್ಯೆಯ ಒಂದು ಅಂಗವೆಂದು ಅಲ್ಲಿಯ ಪಂಡಿತರು ತಿಳಿದಿದ್ದರೆಂದೇ ನನ್ನ ಊಹೆ.

ಪಶ್ಚಿಮದ ಹೆವಿವೇಟ್ ಮುಷ್ಟಿಮಲ್ಲರ ಲೋಕಕ್ಕೆ ಈಗ ಬರೋಣ. ಅಲ್ಲಿ ಒಬ್ಬನ ಬಾಳನ್ನೆಲ್ಲ ಎರಡು ಅಂಕೆಗಳಲ್ಲಿ ಸಂಗ್ರಹಿಸುವ ಪದ್ಧತಿಯುಂಟು: ಇಷ್ಟು ಗೆಲವು, ಇಷ್ಟು ಸೋಲು. ಎರಡನೆಯ ಅಂಕೆ ಸೊನ್ನೆಯಾಗಿದ್ದರೆ ಆ ಸೊನ್ನೆಗೆ ಮೊದಲನೆಯ ಅಂಕೆಗಿಂತ ಹೆಚ್ಚಿನ ಬೆಲೆ. ಪಂದ್ಯಗಳನ್ನು ಏರ್ಪಡಿಸುವ ವ್ಯಾಪಾರಿಗಳು ಈ ಸೊನ್ನೆಯನ್ನು ಕೃಪಣನು ನಿಧಿಯನ್ನು ಕಾಯುವಂತೆ ಕಾದು, ಅದಕ್ಕೆ ಅಪಾಯ ತರಬಲ್ಲ ಎದುರಾಳಿಯನ್ನು ವರ್ಷಗಟ್ಟಲೆ ದೂರವಿಡುವುದೂ ಉಂಟು. ನಮ್ಮ ಗರಡಿಗಳಲ್ಲಿಯೂ ಬೆನ್ನಿಗೆ ಮಣ್ಣು ತಾಗಿಸದವನೆಂಬ ಹೊಗಳಿಕೆಗೆ ಸಮನಾದ ಬಿರುದು ಬೇರೊಂದಿಲ್ಲ. ಆದುದರಿಂದ ಸಾರ್ವಕಾಲಿಕ ಶ್ರೇಷ್ಠರ ಪಂಕ್ತಿಯನ್ನು ರಚಿಸಲು ಕುಳಿತವನು ಮೊದಲು ಸೋಲಿಲ್ಲದವನನ್ನೇ ಮೊದಲನೆಯ ಮಣೆಯಲ್ಲಿ ಕುಳ್ಳಿರಿಸುವನೆಂದು ನಾವು ನಿರೀಕ್ಷಿಸುತ್ತೇವೆ. ಆಶ್ಚರ್ಯವೆಂದರೆ, ಹಾಗೆ ಮಾಡಿದವರು ವಿರಳ.

ರಾಕಿ ಮಾರ್ಸಿಯಾನೋ 49 ಪಂದ್ಯಗಳನ್ನಾಡಿ 49ನ್ನೂ ಗೆದ್ದು, 1956ರಲ್ಲಿ ಕಣದಿಂದ ನಿವೃತ್ತನಾದ; ಜಗಜ್ಜೆಟ್ಟಿಯ ಪಟ್ಟವೇರಿದ ಹೆವಿವೇಟ್ ಮಲ್ಲರಲ್ಲಿ ಒಂದೂ ಸೋಲಿಲ್ಲದೆ, ಒಂದೂ ಸಮವಿಲ್ಲದೆ ವೃತ್ತಿಯನ್ನು ಮುಗಿಸಿದವನು ಅವನೊಬ್ಬನೇ. ‘ದಿ ರಿಂಗ್’ ಎಂಬ ಪತ್ರಿಕೆಯನ್ನು 1922ರಲ್ಲಿ ಸ್ಥಾಪಿಸಿ, ಅರ್ಧ ಶತಮಾನದವರೆಗೆ ನಡೆಸಿ, ಈ ವಿದ್ಯೆಯ ಧರ್ಮಾಧಿಕಾರಿಯೆಂಬಂತೆ ಬಾಳಿದ ನ್ಯಾಟ್ ಫ್ಲೈಷರ್, ತನ್ನ ಹತ್ತು ಜನರ ಪಂಕ್ತಿಯಲ್ಲಿ ಈ ಮಾರ್ಸಿಯಾನೋನಿಗೆ ಕೊಟ್ಟದ್ದು ಹತ್ತನೆಯ ಸ್ಥಾನವನ್ನು. ಒಂಬತ್ತನೆಯವನು ಹಲವು ಬಾರಿ ಸೋತ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್. ಮೊದಲನೆಯವನು ಜ್ಯಾಕ್ ಜಾನ್ಸನ್. ಅವನೂ ಹಲವು ಬಾರಿ ಸೋತವನೇ. ಎರಡನೆಯವನಾದ ಜಿಮ್ ಜೆಫ್ರೀಸ್ ಪಟ್ಟದೊಡನೆ, ಅಜೇಯನಾಗಿ, 1905ರಲ್ಲಿ ನಿವೃತ್ತನಾಗಿ ಹೊಲಮನೆ ನೋಡಿಕೊಂಡಿದ್ದವನು. ಕಪ್ಪುಜನಾಂಗದ ಜಾನ್ಸನ್ನನು ಜಗಜ್ಜೆಟ್ಟಿಯಾದುದನ್ನು ಸಹಿಸಲಾರದ ಬಿಳಿಯರು ಜೆಫ್ರೀಸನನ್ನು ಒತ್ತಾಯದಿಂದ ಮತ್ತೆ ಕಣಕ್ಕೆ ತಂದರು. 1910ರ ಜುಲೈ 4ರಂದು ರೀನೋ ಪಟ್ಟಣದಲ್ಲಿ, ಹದಿನೈದನೆಯ ಸುತ್ತಿನಲ್ಲಿ, ಜಾನ್ಸನ್ನನ ಕೈಯಲ್ಲಿ ಅವನು ತನ್ನ ಬಾಳಿನ ಒಂದೇ ಒಂದು ಸೋಲನ್ನು ಉಂಡ. ಫ್ಲೈಷರ್ ಆ ಸೋಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತಾನು ಎಳೆಯ ವಯಸ್ಸಿನಲ್ಲಿ ಕಂಡ, ಕೇಳಿದ ಮಲ್ಲರೇ ದೊಡ್ಡವರೆಂಬ ವ್ಯಾಮೋಹ ಅವನಿಗೆ ಇದ್ದಿರಬಹುದು. ನಮ್ಮಲ್ಲಿಯೂ ಹಳೆಯ ಪೈಲ್ವಾನರ ಮಾತೆತ್ತಿದರೆ ಇಂದಿನವರೆಲ್ಲ ಹುಲ್ಲುಕಡ್ಡಿಗಳೆನ್ನುವ ವೃದ್ಧರು ಪ್ರತಿ ಗರಡಿಯ ಜಗಲಿಯಲ್ಲೂ ಇದ್ದಾರೆ. ಆದರೂ ಸೊನ್ನೆಯೊಂದರಿಂದಲೇ ಹಿರಿಮೆ ಸಿದ್ಧಿಸದೆಂಬ ಅವನ ಮೂಲಭೂತವಾದ ನಿರ್ಣಯ ಸರಿಯೆಂದೇ ತೋರುತ್ತದೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಗೂಡನ್ನು ಕೈಯಲ್ಲಿ ಹಿಡಿದು, ಒತ್ತಿ, ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ. ಆದರೆ ಎಳೆ ಎಷ್ಟು ಉದ್ದ ಬಂದೀತು, ಎಲ್ಲಿ ತುಂಡಾದೀತು ಎಂಬುದು ಗೂಡು ಬಿಸಿನೀರಿಗೆ ಬಿದ್ದು ನೂಲು ಬಿಚ್ಚತೊಡಗಿದಾಗಲೇ ನಿಶ್ಚಯವಾಗುವುದು. ಸೋಲಿಲ್ಲದ ಮಲ್ಲನು ಬಿಚ್ಚದಿರುವ ಗೂಡು. ಅವನು ಸಾಮಾನ್ಯನೆಂದು ಇದರರ್ಥವಲ್ಲ. ಅವನ ಎಳೆಯ ತುದಿ ನಮಗೆ ಗೊತ್ತಾಗಲಿಲ್ಲವೆಂದಷ್ಟೇ ಅರ್ಥ. ನ್ಯಾಯವಾಗಿ ಹೇಳಬೇಕಾದರೆ ಮಾರ್ಸಿಯಾನೋ ಒಂದು ಬಾರಿಯಾದರೂ ಕುದಿನೀರಿಗೆ ಬಿದ್ದಿದ್ದ. 1952ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಜರ್ಸೀ ಜೋ ವಾಲ್ಕಾಟ್ ಅವನನ್ನು ಮೊದಲ ಸುತ್ತಿನಲ್ಲಿಯೇ ನೆಲಕ್ಕೆ ಕೆಡವಿದ. ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಮಾರ್ಸಿಯಾನೋ ಹಿಂದೆ ಬಿದ್ದಿದ್ದ. ಹದಿಮೂರನೆಯದರಲ್ಲಿ ಗೇಣುದ್ದ ದೂರದಿಂದ ಹೊರಟ ಒಂದು ಬಲಗೈ ಏಟು ವಾಲ್ಕಾಟನನ್ನು ಹಗ್ಗಕ್ಕೆ ಒರಗಿಸಿ ಪಟ್ಟವನ್ನು ಕೈಬದಲಾಯಿಸಿತು. ಸೋಲಿನ ಹೊಸ್ತಿಲವರೆಗೆ ಹೋಗಿ ಬಂದ ಆ ಒಂದು ರಾತ್ರಿ ಉಳಿದ ನಲವತ್ತೆಂಟು ಗೆಲವುಗಳಿಗಿಂತ ಹೆಚ್ಚಾಗಿ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ. ಅವನ ವಿರುದ್ಧವಾಗಿ ನುಡಿಯುವುದು ಎದುರಾಳಿಗಳ ವಯಸ್ಸು: ಅವನು ಸೋಲಿಸಿದಾಗ ಜೋ ಲೂಯಿಸ್‌ಗೆ 37, ವಾಲ್ಕಾಟ್‌ಗೆ 38, ಆರ್ಚೀ ಮೂರ್ ನಲವತ್ತರ ಆಸುಪಾಸಿನವನು.

ಈ ಸೊನ್ನೆಯ ಮೋಹ ಎಂಥ ಬಲೆಯೆಂಬುದಕ್ಕೆ ಲ್ಯಾರಿ ಹೋಮ್ಸ್ ನಿದರ್ಶನ. 48 ಪಂದ್ಯಗಳನ್ನು ಸೋಲಿಲ್ಲದೆ ಗೆದ್ದು, ಮಾರ್ಸಿಯಾನೋನ ಸಂಖ್ಯೆಯನ್ನು ಮುಟ್ಟಲು ಇನ್ನೊಂದೇ ಉಳಿದಿದ್ದಾಗ, ಅವನು 1985ರ ಸೆಪ್ಟೆಂಬರ್ 21ರಂದು, ಮಾರ್ಸಿಯಾನೋ ತನ್ನ ಕೊನೆಯ ಪಂದ್ಯವಾಡಿ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ, ಕೆಳಗಿನ ತೂಕದಿಂದ ಮೇಲೇರಿ ಬಂದ ಮೈಕೆಲ್ ಸ್ಪಿಂಕ್ಸ್‌ನಿಗೆ ಸೋತ. ಆ ಒಂದು ರಾತ್ರಿಯನ್ನು ಗೆದ್ದಿದ್ದರೆ ಹೋಮ್ಸ್‌ನ ಹೆಸರು ಇಂದು ಎಲ್ಲರ ನಾಲಗೆಯ ಮೇಲೆ ಇರುತ್ತಿತ್ತು. ಅವನ ಎಡಗೈಯ ಚುರುಕಾಗಲಿ, ಏಳು ವರ್ಷ ಪಟ್ಟವನ್ನು ಕಾದ ಸಾಮರ್ಥ್ಯವಾಗಲಿ ಅದರಿಂದ ಎಳ್ಳಷ್ಟೂ ಹೆಚ್ಚುತ್ತಿರಲಿಲ್ಲ.

ಹಾಗಾದರೆ ಸೋಲನ್ನು ಲೆಕ್ಕಕ್ಕೇ ಹಿಡಿಯಬಾರದೆ? ಇಲ್ಲಿ ಎಚ್ಚರ ಬೇಕು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ಕಟ್ಟಿದ ಕನ್ನಡಿಗನು ಮಲ್ಲರನ್ನೂ ಮಲ್ಲರ ಭಕ್ತರನ್ನೂ ಚೆನ್ನಾಗಿ ಬಲ್ಲವನು. ಪಂಕ್ತಿ ರಚಿಸುವವರು ತಮ್ಮ ಇಷ್ಟದೈವದ ಸೋಲಿಗೆ ಕಾರಣಗಳನ್ನು ಹುಡುಕುವುದರಲ್ಲಿ ವಕೀಲರನ್ನು ಮೀರಿಸುತ್ತಾರೆ: ಆ ದಿನ ಜ್ವರವಿತ್ತು, ತೀರ್ಪುಗಾರ ಪಕ್ಷಪಾತಿ, ಎಣಿಕೆ ನಿಧಾನವಾಯಿತು, ಅಭ್ಯಾಸ ಸಾಲದಾಗಿತ್ತು. ಕೆಲವು ಕಾರಣಗಳು ಸತ್ಯವೂ ಇರಬಹುದು. ಆದರೆ ಮೀಸೆಯನ್ನು ಒರಸಿಕೊಳ್ಳುವವನಿಗೂ ಮಣ್ಣನ್ನು ಒಪ್ಪಿಕೊಂಡು ಮತ್ತೆ ತೊಡೆತಟ್ಟಿ ಬರುವವನಿಗೂ ಇರುವ ಅಂತರವೇ ಈ ಲೆಕ್ಕದಲ್ಲಿ ಮುಖ್ಯವಾದುದು.

ಜೋ ಲೂಯಿಸ್ 1936ರ ಜೂನ್ 19ರಂದು ಶ್ಮೆಲಿಂಗನ ಕೈಯಲ್ಲಿ ಹನ್ನೆರಡನೆಯ ಸುತ್ತಿನಲ್ಲಿ ನೆಲಕಚ್ಚಿದ. ಅಂದಿನವರೆಗೆ ಅವನು ಅಜೇಯ. ಎಡಗೈಯಿಂದ ಹೊಡೆದ ಮೇಲೆ ಲೂಯಿಸ್ ಆ ಕೈಯನ್ನು ಸ್ವಲ್ಪ ಕೆಳಗಿಳಿಸುತ್ತಾನೆಂಬ ದೋಷವನ್ನು ಶ್ಮೆಲಿಂಗ್ ಚಲಚ್ಚಿತ್ರಗಳನ್ನು ನೋಡಿ ಕಂಡುಹಿಡಿದು, ಆ ಸಂದಿನೊಳಕ್ಕೆ ತನ್ನ ಬಲಗೈಯನ್ನು ಮತ್ತೆ ಮತ್ತೆ ನುಗ್ಗಿಸಿದ್ದ. ಮರುವರ್ಷ ಲೂಯಿಸ್ ಜಗಜ್ಜೆಟ್ಟಿಯಾದ. ಆದರೆ ಶ್ಮೆಲಿಂಗನನ್ನು ಸೋಲಿಸುವವರೆಗೆ ಆ ಪಟ್ಟವನ್ನು ತನ್ನದೆಂದು ಒಪ್ಪಲು ಅವನಿಗೇ ಮನಸ್ಸಿರಲಿಲ್ಲ. 1938ರ ಜೂನ್ 22ರ ರಾತ್ರಿ, ಯೂರೋಪಿನ ಮೇಲೆ ಯುದ್ಧದ ಮೋಡ ಕವಿಯುತ್ತಿದ್ದಾಗ, ಜರ್ಮನಿಯ ಪ್ರತಿನಿಧಿಯೆಂದು ಲೋಕ ಬಗೆದ ಅದೇ ಶ್ಮೆಲಿಂಗನನ್ನು ಅವನು ಎರಡು ನಿಮಿಷ ನಾಲ್ಕು ಸೆಕೆಂಡುಗಳಲ್ಲಿ ಮುಗಿಸಿದ. ಮೊದಲ ಸೋಲಿಲ್ಲದಿದ್ದರೆ ಈ ಎರಡು ನಿಮಿಷಗಳಿಗೆ ಇಷ್ಟು ತೂಕ ಬರುತ್ತಿತ್ತೆ? ಪಟ್ಟವನ್ನು ಹನ್ನೆರಡು ವರ್ಷ ಹಿಡಿದು 25 ಬಾರಿ ಕಾಪಾಡಿಕೊಂಡವನಾದರೂ, ಲೂಯಿಸನ ಬಾಳಿನ ಶಿಖರವಾಗಿ ಇಂದು ನಿಂತಿರುವುದು ಸೋಲಿಗೆ ಕೊಟ್ಟ ಆ ಉತ್ತರವೇ. 1950ರಲ್ಲಿ ಎಜರ್ಡ್ ಚಾರ್ಲ್ಸ್‌ನಿಗೂ 1951ರಲ್ಲಿ ಮಾರ್ಸಿಯಾನೋನಿಗೂ ಅವನು ಸೋತುದು ಬೇರೆ ಜಾತಿಯದು: ತೆರಿಗೆಯ ಸಾಲ ಹೊತ್ತು, ಕಾಲು ನಿಧಾನವಾದ ಮೇಲೆ, ನಿವೃತ್ತಿಯಿಂದ ಮರಳಿ ಬಂದವನ ಸೋಲುಗಳು. ಅವುಗಳನ್ನು ನಾನಂತೂ ಎಣಿಸುವುದಿಲ್ಲ.

ಮಹಮ್ಮದ್ ಅಲಿ ಐದು ಬಾರಿ ಸೋತ. ಕೊನೆಯ ಎರಡು, 1980ರಲ್ಲಿ ಹೋಮ್ಸ್‌ನಿಗೆ, 1981ರಲ್ಲಿ ಬರ್ಬಿಕ್‌ನಿಗೆ, ಇದೇ ಜಾತಿಯವು, ನೋಡಲು ದುಃಖವಾಗುವಂಥವು. ಉಳಿದ ಮೂರನ್ನೂ ಅವನು ತೀರಿಸಿದ. ಸೈನ್ಯ ಸೇರಲು ನಿರಾಕರಿಸಿ ಪಟ್ಟವನ್ನೂ ಮೂರೂವರೆ ವರ್ಷದ ಯೌವನವನ್ನೂ ಕಳೆದುಕೊಂಡು ಬಂದವನು 1971ರ ಮಾರ್ಚ್ 8ರಂದು ಜೋ ಫ್ರೇಜಿಯರನ ಎಡಗೈ ಏಟಿಗೆ ಹದಿನೈದನೆಯ ಸುತ್ತಿನಲ್ಲಿ ಬೆನ್ನ ಮೇಲೆ ಬಿದ್ದು, ಅಂಥ ಏಟನ್ನು ತಿಂದವನು ಏಳುವುದು ಹೇಗೆಂದು ಜನ ಬೆರಗಾಗುತ್ತಿರುವಾಗಲೇ ಎದ್ದು ನಿಂತು, ಸುತ್ತನ್ನು ಮುಗಿಸಿ, ಸೋತ. ಅವನ ಕಾಲುಗಳ ವೇಗವನ್ನು ಎಲ್ಲರೂ ಬಲ್ಲವರಾಗಿದ್ದರು. ಎದೆಯ ಆಳವನ್ನು ತಿಳಿಸಿದ್ದು ಆ ಸೋಲು. ಫ್ರೇಜಿಯರನನ್ನು ಆಮೇಲೆ ಎರಡು ಬಾರಿ ಸೋಲಿಸಿದ; 1973ರ ಮಾರ್ಚಿನಲ್ಲಿ ತನ್ನ ದವಡೆ ಮುರಿದ ಕೆನ್ ನಾರ್ಟನ್ನನನ್ನು ಅದೇ ಸೆಪ್ಟೆಂಬರಿನಲ್ಲಿಯೂ, 1978ರಲ್ಲಿ ಪಟ್ಟ ಕಸಿದ ಲಿಯಾನ್ ಸ್ಪಿಂಕ್ಸ್‌ನನ್ನು ಅದೇ ವರ್ಷದಲ್ಲಿಯೂ ಗೆದ್ದ.

ಆದರೆ ಸೋಲಿನಿಂದ ವಿದ್ಯೆ ಹುಟ್ಟಿದ ಪ್ರಸಂಗಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಜ್ಯಾಕ್ ಜಾನ್ಸನ್ನನದು. 1901ರ ಫೆಬ್ರವರಿಯಲ್ಲಿ ಟೆಕ್ಸಸ್ಸಿನ ಗ್ಯಾಲ್ವೆಸ್ಟನ್ ಎಂಬ ಕಡಲೂರಿನಲ್ಲಿ, ಇನ್ನೂ ಎಳೆಯನಾಗಿದ್ದ ಅವನನ್ನು ಜೋ ಚೊಯಿನ್‌ಸ್ಕಿ ಎಂಬ ಅನುಭವಿ ಮೂರನೆಯ ಸುತ್ತಿನಲ್ಲಿ ಮಲಗಿಸಿದ. ಮುಷ್ಟಿಯುದ್ಧ ಆ ರಾಜ್ಯದಲ್ಲಿ ಕಾನೂನಿಗೆ ವಿರುದ್ಧವಾಗಿದ್ದುದರಿಂದ ಗೆದ್ದವನನ್ನೂ ಸೋತವನನ್ನೂ ಒಟ್ಟಿಗೆ ಹಿಡಿದು ಸೆರೆಮನೆಗೆ ತಳ್ಳಿದರು. ಸುಮಾರು ಮೂರು ವಾರಗಳ ಕಾಲ ಆ ಸೆರೆಮನೆಯೇ ಗರಡಿಯಾಗಿ, ಗೆದ್ದವನು ಗುರುವಾಗಿ, ಸೋತವನು ಶಿಷ್ಯನಾಗಿ, ಇಬ್ಬರೂ ಕೈಕೈ ಬೆರೆಸಿ ಅಭ್ಯಾಸ ನಡೆಸಿದರು. ಏಟನ್ನು ತಪ್ಪಿಸುವ ಕಲೆಯಲ್ಲಿ ಜಾನ್ಸನ್ ಮುಂದೆ ಅದ್ವಿತೀಯನಾದುದಕ್ಕೆ ಆ ಮೂರು ವಾರಗಳ ಪಾಠ ಸಹಾಯಕವಾಯಿತೆಂದು ಅವನ ಚರಿತ್ರಕಾರರು ಒಪ್ಪುತ್ತಾರೆ. ಫ್ಲೈಷರನ ಪಂಕ್ತಿಯಲ್ಲಿ ಚೊಯಿನ್‌ಸ್ಕಿಗೆ ಸ್ಥಾನವಿಲ್ಲ. ಮೊದಲ ಸ್ಥಾನದಲ್ಲಿರುವವನು ಅವನಿಂದ ಏಟು ತಿಂದವನು. ಯಾವ ಅಂಕೆಯೂ ಇದನ್ನು ಹೇಳಲಾರದು.

ಸೋಲು ಹೀಗೆ ಸದಾ ಉಪಕಾರಿಯೆಂದು ತಿಳಿಯಬೇಡಿ. ಅದು ಕೆಡಿಸುವ ಒಂದು ವಸ್ತುವಿದೆ. ಅದು ಬಲವಲ್ಲ, ಬಲದ ಮುಂದೆ ಮುಂದೆ ನಡೆಯುವ ಭಯ. ಮಾಗಡಿಯ ಸಾವನದುರ್ಗದ ಕಥೆಯನ್ನು ನೆನೆಯಿರಿ. ಏಕಶಿಲೆಯಂತೆ ಮೇಲೆದ್ದ ಆ ಬೆಟ್ಟವನ್ನು 1728ರಲ್ಲಿ ಮೈಸೂರಿನ ದಳವಾಯಿಯು ಕೆಂಪೇಗೌಡನ ವಂಶಸ್ಥರಿಂದ ವಶಪಡಿಸಿಕೊಂಡಿದ್ದನೆಂಬುದು ನಿಜ. ಆದರೆ ಟಿಪ್ಪುವಿನ ಕಾಲದಲ್ಲಿ ಅದು ಮನುಷ್ಯಮಾತ್ರರಿಗೆ ಅಭೇದ್ಯವೆಂಬ ಕೀರ್ತಿ ಸುತ್ತಲೂ ಹರಡಿತ್ತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಕಾಡನ್ನು ಕಡಿದು, ತೋಪುಗಳನ್ನು ಎಳೆದು, ಮುತ್ತಿಗೆ ಹಾಕಿತು. 21ನೆಯ ತಾರೀಕಿನಂದು ಲಗ್ಗೆಯಿಟ್ಟು, ಬಹಳ ನಷ್ಟವಿಲ್ಲದೆ, ಕೋಟೆಯನ್ನು ಹಿಡಿಯಿತು. ಇದಾದ ಕೆಲವೇ ದಿನಗಳೊಳಗೆ ರಾಮಗಿರಿ, ಶಿವಗಿರಿ, ಹುತ್ರಿದುರ್ಗಗಳು ಒಂದರ ಹಿಂದೊಂದು ಕೈಸೇರಿದವು. ಆ ಬೆಟ್ಟಗಳ ಕಲ್ಲು ಒಂದು ವಾರದಲ್ಲಿ ಮೆತ್ತಗಾಗಿರಲಿಲ್ಲ. ಸಾವನದುರ್ಗ ಬಿತ್ತೆಂಬ ವಾರ್ತೆ ಒಳಗಿದ್ದವರ ಮನಸ್ಸನ್ನು ಮೆತ್ತಗೆ ಮಾಡಿತ್ತು. 1990ರ ಫೆಬ್ರವರಿ 11ರಂದು ಟೋಕಿಯೋದಲ್ಲಿ ಮೈಕ್ ಟೈಸನ್ನನಿಗೆ ಆದದ್ದು ಇದೇ. 37 ಪಂದ್ಯಗಳಲ್ಲಿ ಸೋಲಿಲ್ಲದೆ, ಎದುರಾಳಿ ಕಣಕ್ಕೆ ಬರುವ ಮೊದಲೇ ಅರ್ಧ ಗೆದ್ದಿರುತ್ತಿದ್ದ ಆ ಮಲ್ಲನನ್ನು, ಒಂದಕ್ಕೆ ನಲವತ್ತೆರಡರ ಪಣವಿದ್ದ ಬಸ್ಟರ್ ಡಗ್ಲಸ್ ಹತ್ತನೆಯ ಸುತ್ತಿನಲ್ಲಿ ಕೆಡವಿದಾಗ, ಟೈಸನ್ನನ ತೋಳು ಮೊದಲಿನದೇ ಆಗಿದ್ದರೂ ಅವನಿದಿರು ಗಡಗಡನೆ ನಡುಗಬೇಕೆಂಬ ನಿಯಮ ಮುರಿದುಬಿತ್ತು. ಡಗ್ಲಸನನ್ನು ಮತ್ತೆ ಎದುರಿಸಿ ಆ ಲೆಕ್ಕವನ್ನು ತೀರಿಸುವ ಅವಕಾಶ ಅವನಿಗೆ ಒದಗಲಿಲ್ಲ; ಡಗ್ಲಸನೇ ಅದೇ ವರ್ಷ ಹೋಲಿಫೀಲ್ಡನ ಕೈಯಲ್ಲಿ ಸೋತು ಹಿನ್ನೆಲೆಗೆ ಸರಿದ. ಇದಕ್ಕೆ ಪ್ರತಿಯಾಗಿ ಲೆನಾಕ್ಸ್ ಲೂಯಿಸ್ ತನಗಿಂತ ಕಿರಿಯರೆಂದೇ ಎಲ್ಲರೂ ಬಗೆದ ಇಬ್ಬರಿಗೆ, 1994ರಲ್ಲಿ ಮೆಕಾಲ್‌ನಿಗೆ, 2001ರಲ್ಲಿ ರಹಮಾನ್‌ನಿಗೆ, ಒಂದೊಂದೇ ಏಟಿನಿಂದೆಂಬಂತೆ ಸೋತರೂ ಇಬ್ಬರನ್ನೂ ಮತ್ತೆ ಕರೆದು ಸೋಲಿಸಿ, ಪಂಕ್ತಿಯಲ್ಲಿ ಟೈಸನ್ನನಿಗಿಂತ ಮೇಲೆ ಕುಳಿತ. ಟೈಸನ್ನನ ಭಕ್ತರು ಇದನ್ನು ಒಪ್ಪರು, ನಾನು ಒಪ್ಪುತ್ತೇನೆ.

ಮಲ್ಲರ ಮಾತಿನ ನಡುವೆ ರಾಜಕೀಯದ ಮಾತು ಸಲ್ಲದೆಂಬುದನ್ನು ಬಲ್ಲೆನಾದರೂ, ಇತಿಹಾಸವಾಗಿಹೋದ ಒಂದು ಸಂಗತಿಯನ್ನು ಹೇಳಬಹುದಷ್ಟೆ. ರಾಮನಗರ, ಕನಕಪುರಗಳ ಸೀಮೆಯ ಚುನಾವಣೆಯ ಕಣವೂ ಭಾರಿ ಮಲ್ಲರ ಕಣವೇ. 1989ರ ವಿಧಾನಸಭಾ ಚುನಾವಣೆಯಲ್ಲಿ ಕನಕಪುರದಲ್ಲಿಯೂ ತಮ್ಮ ಸ್ವಂತ ಹೊಳೆನರಸೀಪುರದಲ್ಲಿಯೂ ಸೋತ ದೇವೇಗೌಡರ ಹೆಸರನ್ನು ಅನೇಕರು ಅಂದೇ ಪಟ್ಟಿಯಿಂದ ಹೊಡೆದುಹಾಕಿದ್ದರು. ಅವರು 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಗಳಾದರು, 1996ರಲ್ಲಿ ಪ್ರಧಾನಮಂತ್ರಿಗಳಾದರು. 2004ರಲ್ಲಿ ಕನಕಪುರದ ಲೋಕಸಭಾ ಕ್ಷೇತ್ರ ಅವರನ್ನು ಮತ್ತೆ ಸೋಲಿಸಿತು. ಮತದಾರನಷ್ಟು ನಿರ್ದಾಕ್ಷಿಣ್ಯನಾದ ತೀರ್ಪುಗಾರ ಮುಷ್ಟಿಮಲ್ಲರ ಕಣವಾದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿಯೂ ಸಿಕ್ಕಲಾರನು.

ಮತ್ತೆ ಮುಷ್ಟಿಮಲ್ಲರ ಕಣಕ್ಕೆ ಬಂದರೆ, ಜಾರ್ಜ್ ಫೋರ್‌ಮನ್ನನ ಮಾತೊಂದನ್ನು ಬಿಟ್ಟರೆ ತಪ್ಪಾದೀತು. 40 ಗೆಲವುಗಳೊಡನೆ ಕಿನ್‌ಷಾಸಾಕ್ಕೆ ಹೋಗಿ, 1974ರ ಅಕ್ಟೋಬರ್ 30ರಂದು ಅಲಿಗೆ ಎಂಟನೆಯ ಸುತ್ತಿನಲ್ಲಿ ಸೋತ ಈತ, 1977ರಲ್ಲಿ ಮತ್ತೊಮ್ಮೆ ಸೋತು ಕಣವನ್ನು ಬಿಟ್ಟು ಧರ್ಮಪ್ರಚಾರಕನಾಗಿ, ಹತ್ತು ವರ್ಷಗಳ ಮೇಲೆ ಸ್ಥೂಲಕಾಯನಾಗಿ ಮರಳಿ ಬಂದು, 1994ರ ನವೆಂಬರಿನಲ್ಲಿ, ತನ್ನ ನಲವತ್ತೈದನೆಯ ವಯಸ್ಸಿನಲ್ಲಿ, ಮೈಕೆಲ್ ಮೂರರ್‌ನನ್ನು ಕೆಡವಿ ಪಟ್ಟವನ್ನು ಮತ್ತೆ ಪಡೆದ. ಅಂದು ಅವನು ತೊಟ್ಟಿದ್ದುದು ಕಿನ್‌ಷಾಸಾದಲ್ಲಿ ಸೋತಾಗ ತೊಟ್ಟಿದ್ದ ಕೆಂಪು ಚಡ್ಡಿಯನ್ನೇ. ಇಪ್ಪತ್ತು ವರ್ಷ ಆ ಬಟ್ಟೆಯನ್ನು ಜೋಪಾನವಾಗಿ ಇಟ್ಟುಕೊಂಡವನು ಸೋಲನ್ನು ಮರೆಯಲು ಯತ್ನಿಸಿದವನಲ್ಲ.

ಕೊನೆಗೆ, ಫ್ಲೈಷರನು ಏಳನೆಯ ಮಣೆಯಲ್ಲಿ ಕುಳ್ಳಿರಿಸಿದ ಸ್ಯಾಮ್ ಲ್ಯಾಂಗ್‌ಫರ್ಡ್. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹುಟ್ಟಿದ ಈ ಕಪ್ಪುಮಲ್ಲ ಇನ್ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿದ. ಹೆವಿವೇಟ್ ಪಟ್ಟಕ್ಕಾಗಿ ಆಡಲು ಮಾತ್ರ ಒಂದು ಬಾರಿಯೂ ಯಾರೂ ಅವನಿಗೆ ಅವಕಾಶ ಕೊಡಲಿಲ್ಲ. 1906ರಲ್ಲಿ ತನಗಿಂತ ಬಹಳ ಭಾರವಾಗಿದ್ದ ಜಾನ್ಸನ್ನನ ಎದುರು ಹದಿನೈದು ಸುತ್ತು ನಿಂತು ಸೋತ. ಅದೇ ಜಾನ್ಸನ್ 1908ರಲ್ಲಿ ಜಗಜ್ಜೆಟ್ಟಿಯಾದ ಬಳಿಕ ಲ್ಯಾಂಗ್‌ಫರ್ಡನ ಕಡೆ ತಿರುಗಿಯೂ ನೋಡಲಿಲ್ಲ. ಬಿಳಿಯರು ಕೈಕೊಡದಿದ್ದುದರಿಂದ ಕಪ್ಪುಮಲ್ಲರು ಹೊಟ್ಟೆಪಾಡಿಗಾಗಿ ತಮ್ಮತಮ್ಮೊಳಗೇ ಕಾದಾಡಬೇಕಾಗಿ ಬಂದು, ಹ್ಯಾರೀ ವಿಲ್ಸ್, ಸ್ಯಾಮ್ ಮೆಕ್‌ವೀ, ಜೋ ಜೆನೆಟ್ ಈ ಮೂವರಲ್ಲಿ ಒಬ್ಬೊಬ್ಬನೊಡನೆಯೂ ಅವನು ಹತ್ತಕ್ಕೂ ಹೆಚ್ಚು ಬಾರಿ ಆಡಿ, ಗೆದ್ದು, ಸೋತು, ಸಮವಾಗಿ, ಕಣ್ಣಿನ ದೃಷ್ಟಿ ಮಂದವಾಗುತ್ತ ಬಂದ ಮೇಲೆಯೂ ಎದುರಾಳಿಯನ್ನು ತಡವಿ ಹಿಡಿದು ಹೊಡೆಯುತ್ತ 1926ರವರೆಗೆ ಕಣದಲ್ಲಿದ್ದ. ಅವನ ಸೋಲುಗಳಲ್ಲಿ ಬಹುಭಾಗ ಮಹಾಮಲ್ಲರ ಕೈಯಲ್ಲಿ ಆದವು, ಉಳಿದವು ಕುರುಡುತನದ ಕೈಯಲ್ಲಿ. ಪಟ್ಟಿಯನ್ನು ನನ್ನ ಕೈಗೆ ಕೊಟ್ಟರೆ ಜಾನ್ಸನ್, ಜೋ ಲೂಯಿಸ್, ಅಲಿ ಈ ಮೂವರನ್ನು ಎಲ್ಲರಿಗಿಂತ ಮೇಲೆ ಕುಳ್ಳಿರಿಸುತ್ತೇನೆ. ಕಾರ್ಬೆಟ್‌ನನ್ನು ಫ್ಲೈಷರ್ ಕೊಟ್ಟ ಐದನೆಯ ಮಣೆಯಿಂದ ಎಬ್ಬಿಸಿ ಅಲ್ಲಿ ಲ್ಯಾಂಗ್‌ಫರ್ಡನನ್ನು ಕುಳ್ಳಿರಿಸುತ್ತೇನೆ, ಮತ್ತು ಸೋಲಿಲ್ಲದ ಮಾರ್ಸಿಯಾನೋನನ್ನು ಅವನ ಪಕ್ಕದಲ್ಲಿ, ಒಂದು ಮಣೆ ಕೆಳಗೆ.